ಮಸಿಯೊಳಗಿನ ಕ್ಯಾನ್ಸರ್ ಗುರುತಿಸಿದ ವೈದ್ಯ: ಪರ್ಸಿವಲ್ ಪಾಟ್ ಬದುಕಿನ ಕಥೆ

ಬೆನ್ನುಮೂಳೆಗೆ ಕ್ಷಯ ತಗುಲಿದ ರೋಗಿಯ ಫೈಲಿನಲ್ಲಿ ನಮ್ಮ ದೇಶದ ವೈದ್ಯರು ಇವತ್ತಿಗೂ ಪಾಟ್ಸ್ ಸ್ಪೈನ್ ಎಂದು ಬರೆಯುತ್ತಾರೆ. ಮುಂಬೈ ಇರಲಿ, ಪುಣೆ ಇರಲಿ, ಹೈದರಾಬಾದ್ ಇರಲಿ, ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಸ್ವಲ್ಪ ಹೊತ್ತು ಕೂತರೆ ಈ ಹೆಸರು ಕಿವಿಗೆ ಬೀಳುತ್ತದೆ. ಪಾದದ ಗಂಟಿನ ಬಳಿ ಆಗುವ ಒಂದು ಬಗೆಯ ಮುರಿತಕ್ಕೂ ಇದೇ ಪಾಟ್ ಹೆಸರಿದೆ. ತಲೆಬುರುಡೆಯ ಸೋಂಕಿನಿಂದ ಹಣೆಯ ಮೇಲೆ ಏಳುವ ಮೆತ್ತನೆಯ ಬಾವಿಗೂ ಅವರದೇ ಹೆಸರು.

ಪರ್ಸಿವಲ್ ಪಾಟ್ ಲಂಡನ್ನಿನ ಶಸ್ತ್ರವೈದ್ಯರು. ತೀರಿಕೊಂಡು 230 ವರ್ಷಗಳ ಮೇಲಾಯಿತು. ವೈದ್ಯಕೀಯ ವಿದ್ಯಾರ್ಥಿಗಳು ಅವರ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಅವರು ಮಾಡಿದ ಬಹುದೊಡ್ಡ ಕೆಲಸ ಈ ಯಾವ ಕಾಯಿಲೆಯ ಹೆಸರಿನಲ್ಲೂ ಇಲ್ಲ. ಅದು 1775ರಲ್ಲಿ ಅಚ್ಚಾದ ಒಂದು ಪುಸ್ತಕದ ಕೆಲವೇ ಪುಟಗಳಲ್ಲಿದೆ. ಹೊಟ್ಟೆಪಾಡಿಗಾಗಿ ಮಾಡುವ ಕೆಲಸದಲ್ಲಿ ಮೈಗೆ ಅಂಟುವ ಒಂದು ವಸ್ತು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು ಎಂಬುದನ್ನು ಅವರು ಆ ಪುಟಗಳಲ್ಲಿ ತೋರಿಸಿಕೊಟ್ಟರು. ಆ ವಸ್ತು ಚಿಮಣಿಯ ಮಸಿ. ಕ್ಯಾನ್ಸರ್ ಬಂದದ್ದು ಚಿಮಣಿ ಗುಡಿಸುತ್ತಿದ್ದ ಬಡ ಹುಡುಗರಿಗೆ.

ಕ್ಷೌರಿಕರ ಸಂಘದಲ್ಲೊಬ್ಬ ಶಸ್ತ್ರವೈದ್ಯ

ಪಾಟ್ ಹುಟ್ಟಿದ್ದು 1714ರ ಜನವರಿಯಲ್ಲಿ, ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯಲ್ಲಿ. ಮಗು ಇನ್ನೂ ಪುಟ್ಟದಿರುವಾಗಲೇ ತಂದೆ ತೀರಿಕೊಂಡರು. ಕೈಯಲ್ಲಿ ದೊಡ್ಡ ಆಸ್ತಿ ಇರಲಿಲ್ಲ. ರೋಚೆಸ್ಟರ್‌ನ ಬಿಷಪ್ ಆಗಿದ್ದ ಸಂಬಂಧಿಕರೊಬ್ಬರು ಹುಡುಗನ ಓದಿಗೆ ನೆರವಾದರು. ಹೀಗಾಗಿ ಮುಂದೆ ಅವನು ಪಾದ್ರಿಯಾಗುತ್ತಾನೆ ಎಂದೇ ಮನೆಯವರ ಲೆಕ್ಕಾಚಾರ. ಹುಡುಗನ ಮನಸ್ಸು ಮಾತ್ರ ಶಸ್ತ್ರವೈದ್ಯದ ಕಡೆಗಿತ್ತು.

ಆ ಕಾಲದಲ್ಲಿ ಇದು ಅಷ್ಟೇನೂ ಮರ್ಯಾದೆಯ ಆಯ್ಕೆಯಲ್ಲ. ಔಷಧ ಕೊಡುವ ವೈದ್ಯರು ವಿಶ್ವವಿದ್ಯಾಲಯದಲ್ಲಿ ಓದಿದವರು, ಲ್ಯಾಟಿನ್ ಬಲ್ಲವರು. ಕತ್ತಿ ಹಿಡಿಯುವ ಶಸ್ತ್ರವೈದ್ಯರು ಕ್ಷೌರಿಕರ ಜೊತೆ ಒಂದೇ ಸಂಘದಲ್ಲಿದ್ದವರು. ನಮ್ಮಲ್ಲೂ ಎಷ್ಟೋ ಹಳ್ಳಿಗಳಲ್ಲಿ ಕುರು ಕೊಯ್ದು ಕೀವು ತೆಗೆಯಲು ಕ್ಷೌರಿಕರನ್ನೇ ಕರೆಯುತ್ತಿದ್ದರಲ್ಲವೇ, ಹೆಚ್ಚು ಕಡಿಮೆ ಹಾಗೆಯೇ. 1729ರಲ್ಲಿ, ಹದಿನೈದನೇ ವಯಸ್ಸಿಗೆ, ಪಾಟ್ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಎಡ್ವರ್ಡ್ ನೌರ್ಸ್ ಎಂಬುವರ ಕೈಕೆಳಗೆ ಕೆಲಸ ಕಲಿಯಲು ಸೇರಿಕೊಂಡರು. ಅದಕ್ಕೆ ಕಟ್ಟಿದ ಹಣ 200 ಗಿನಿ. ಗುರುಗಳ ಅಂಗರಚನೆಯ ಪಾಠಕ್ಕೆ ಹೆಣಗಳನ್ನು ಬಿಡಿಸಿ ಅಣಿ ಮಾಡುವುದು ಈ ಹುಡುಗನ ಕೆಲಸ. ಶರೀರದ ಒಳಗಿನ ಪರಿಚಯ ಅವರಿಗೆ ಪುಸ್ತಕಕ್ಕಿಂತ ಮೊದಲು ಕೈಯಿಂದಲೇ ಆಯಿತು.

1736ರಲ್ಲಿ ಸಂಘದ ದೊಡ್ಡ ಪರೀಕ್ಷೆ ಪಾಸಾದರು. 1745ರಲ್ಲಿ ಶಸ್ತ್ರವೈದ್ಯರು ಕ್ಷೌರಿಕರಿಂದ ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಂಡರು. 1749ರಲ್ಲಿ ಪಾಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಪೂರ್ಣ ಪ್ರಮಾಣದ ಶಸ್ತ್ರವೈದ್ಯರಾದರು. ಮುಂದೆ ಜಗತ್ತೇ ಹೆಸರು ಹೇಳುವಂತಾದ ಜಾನ್ ಹಂಟರ್ ಇಲ್ಲಿ ಅವರ ಪಾಠ ಕೇಳಿದವರಲ್ಲೊಬ್ಬರು. ಗಾಯಗಳಿಗೆ ಕಾದ ಕಬ್ಬಿಣದಿಂದ ಬರೆ ಹಾಕುವುದು ಪಾಟ್ ಕೆಲಸಕ್ಕೆ ಸೇರಿದಾಗ ದಿನನಿತ್ಯದ ಚಿಕಿತ್ಸೆ. ಅವರು ಆ ಕ್ರೌರ್ಯವನ್ನು ಒಪ್ಪಲಿಲ್ಲ. ಅವರ ಕಾಲ ಮುಗಿಯುವ ಹೊತ್ತಿಗೆ ಅದು ಹೆಚ್ಚುಕಡಿಮೆ ಮೂಲೆ ಸೇರಿತ್ತು.

ಬಾಗಿಲ ಮೇಲೆ ಮನೆಗೆ ಬಂದ ವೈದ್ಯ

ಪಾಟ್ ಬಗ್ಗೆ ಬರೆಯುವವರಾರೂ 1756ರ ಜನವರಿಯ ಆ ಘಟನೆಯನ್ನು ಬಿಡುವುದಿಲ್ಲ. ನಾನೂ ಬಿಡಲಾರೆ.

ಲಂಡನ್ನಿನ ದಕ್ಷಿಣಕ್ಕೆ ಕೆಂಟ್ ರಸ್ತೆಯಲ್ಲಿ ಕುದುರೆಯ ಮೇಲೆ ಹೋಗುತ್ತಿದ್ದವರು ಬಿದ್ದುಬಿಟ್ಟರು. ಕಾಲಿನ ಮೂಳೆ ಮುರಿದು ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಜನ ಸೇರಿದರು. ಎತ್ತಿ ಗಾಡಿಗೆ ಹಾಕಲು ಮುಂದಾದರು. ಇಂಥ ಮುರಿತಗಳನ್ನು ಎಷ್ಟೋ ಸಲ ನೋಡಿದ್ದ ಪಾಟ್ ತಮ್ಮನ್ನು ಯಾರೂ ಮುಟ್ಟಕೂಡದೆಂದು ತಡೆದರು. ಗಾಡಿಯ ಕುಲುಕಾಟಕ್ಕೆ ಚೂಪಾದ ಮೂಳೆ ಮಾಂಸವನ್ನು, ರಕ್ತನಾಳವನ್ನು ಇನ್ನಷ್ಟು ಹರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಆ ಚಳಿಯಲ್ಲಿ, ನೆಲದ ಮೇಲೆ ಮಲಗಿಕೊಂಡೇ ಅವರು ತಮ್ಮ ಚಿಕಿತ್ಸೆಯ ವ್ಯವಸ್ಥೆಗೆ ಕೈಹಾಕಿದರು. ವೆಸ್ಟ್‌ಮಿನ್‌ಸ್ಟರ್‌ಗೆ ಆಳು ಓಡಿಸಿ, ಮೇನೆ ಹೊರುವ ಇಬ್ಬರನ್ನು ಅವರ ಕಂಬಗಳ ಸಮೇತ ಕರೆಸಿದರು. ಅವರು ಬರುವವರೆಗೆ ಅಲ್ಲೇ ಬಿದ್ದಿದ್ದರು. ಅಷ್ಟರೊಳಗೆ ಪಕ್ಕದಲ್ಲೇ ಒಂದು ಬಾಗಿಲನ್ನು ದುಡ್ಡು ಕೊಟ್ಟು ಕೊಂಡಿದ್ದರು. ಮೇನೆಯ ಕಂಬಗಳನ್ನು ಬಾಗಿಲಿಗೆ ಮೊಳೆ ಹೊಡೆದು ಜೋಡಿಸಿ, ಅದರ ಮೇಲೆ ಅವರನ್ನು ಅಲುಗಾಡದಂತೆ ಮಲಗಿಸಿ, ಲಂಡನ್ ಸೇತುವೆ ದಾಟಿಸಿ, ಸೇಂಟ್ ಪಾಲ್ ಚರ್ಚಿನ ಸಮೀಪದ ವಾಟ್ಲಿಂಗ್ ಬೀದಿಯ ಮನೆಗೆ ನಡೆದೇ ಹೊತ್ತು ತಂದರು.

ಮನೆಯಲ್ಲಿ ಸೇರಿದ ಶಸ್ತ್ರವೈದ್ಯರದ್ದು ಒಂದೇ ತೀರ್ಮಾನ: ಕಾಲು ತೆಗೆಯಬೇಕು. ಅರಿವಳಿಕೆ ಬರಲು ಇನ್ನೂ 90 ವರ್ಷವಿತ್ತು. ಗಾಯ ನಂಜಾಗುವುದು ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಮೂಳೆ ಹೊರಬಂದ ಮುರಿತವೆಂದರೆ ಒಂದೋ ಕಾಲು, ಇಲ್ಲವೇ ಜೀವ. ಪಾಟ್ ತಾವೂ ಒಪ್ಪಿಕೊಂಡರು. ಸಲಕರಣೆಗಳು ಸಿದ್ಧವಾದವು. ಅಷ್ಟರಲ್ಲಿ ಹಳೆಯ ಗುರು ನೌರ್ಸ್ ಬಂದರು. ಕಾಲನ್ನು ಪರೀಕ್ಷಿಸಿ, ಉಳಿಸಲು ಒಂದು ಪ್ರಯತ್ನ ಮಾಡಬಹುದು ಎಂದರು. ಕತ್ತಿ ಪಕ್ಕಕ್ಕೆ ಹೋಯಿತು. ಕಾಲು ಉಳಿಯಿತು.

ಇದೇ ಮುರಿತಕ್ಕೆ ಪಾಟ್ ಹೆಸರು ಬಂತೆಂದು ಬಹಳ ಜನ ನಂಬಿದ್ದಾರೆ. ಅದು ಹಾಗಲ್ಲ. ಅವರ ಹೆಸರಿನ ಮುರಿತ ಪಾದದ ಗಂಟಿನ ಬಳಿಯದ್ದು, ಅವರು ಮುಂದೆ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು. ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದವರು ಸುಮ್ಮನಿರಲಾರದೆ ಬರೆಯತೊಡಗಿದರು. ಹರ್ನಿಯಾ ಕುರಿತ ಮೊದಲ ಮುಖ್ಯ ಗ್ರಂಥ ಆ ವರ್ಷವೇ ಹೊರಬಂತು. ಆಮೇಲೆ ತಲೆಯ ಗಾಯ, ಫಿಸ್ಟುಲಾ, ಮೂಳೆ ಮುರಿತ ಹೀಗೆ ಒಂದರ ಹಿಂದೊಂದು ಪುಸ್ತಕ ಬಂದವು. 1764ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಸಿಕ್ಕಿತು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್, ನಟ ಡೇವಿಡ್ ಗ್ಯಾರಿಕ್, ಚಿತ್ರಕಾರ ಗೇನ್ಸ್‌ಬರೊ ಅಂಥವರು ಅವರ ಬಳಿ ಚಿಕಿತ್ಸೆಗೆ ಬರುತ್ತಿದ್ದರು. ಲಂಡನ್ನಿನ ಅತಿ ಬೇಡಿಕೆಯ ಶಸ್ತ್ರವೈದ್ಯರೆಂದರೆ ಪಾಟ್ ಎಂಬ ಮಾತಿತ್ತು.

ಆದರೆ ಅವರ ಕೆಲಸದ ಜಾಗ ಬಾರ್ಥಲೋಮ್ಯೂ ಆಸ್ಪತ್ರೆ. ಅದು ಬಡವರ ಆಸ್ಪತ್ರೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಚಿಮಣಿ ಗುಡಿಸುವವರೂ ಇದ್ದರು.

ಒಂಬತ್ತು ಅಂಗುಲದ ದಾರಿ

ಸೌದೆ ಒಲೆಯ ಮನೆಯಲ್ಲಿ ಬೆಳೆದವರಿಗೆ ಮಾಡಿನಿಂದ ಜೋಲುವ ಇಲ್ಲಣ ಗೊತ್ತು. ಕೋಲಿಗೆ ಪೊರಕೆ ಕಟ್ಟಿ ವರ್ಷಕ್ಕೊಮ್ಮೆ ಹೊಡೆದು ತೆಗೆದರೆ ಮುಗಿಯಿತು. ಲಂಡನ್ನಿನ ಮನೆಗಳ ಮಸಿ ಅಷ್ಟು ಸುಲಭದ್ದಲ್ಲ.

1666ರ ಮಹಾ ಬೆಂಕಿಯ ನಂತರ ಲಂಡನ್ ಹೊಸದಾಗಿ ಕಟ್ಟಲ್ಪಟ್ಟಿತು. ಮನೆಗಳು ಇಟ್ಟಿಗೆಯವಾದವು, ಮೂರು ನಾಲ್ಕು ಅಂತಸ್ತಿನವಾದವು. ಸೌದೆಯ ಜಾಗಕ್ಕೆ ಕಲ್ಲಿದ್ದಲು ಬಂದಿತ್ತು. ಕಲ್ಲಿದ್ದಲು ಚೆನ್ನಾಗಿ ಉರಿಯಲು ಗಾಳಿಯ ಸೆಳೆತ ಬೇಕು. ಅದಕ್ಕೆ ಹೊಗೆಕೊಳವೆ ಕಿರಿದಾಗಿರಬೇಕು. ಪ್ರತಿ ಕೋಣೆಗೂ ಒಂದು ಒಲೆ, ಪ್ರತಿ ಒಲೆಗೂ ಒಂದು ಕೊಳವೆ. ಅವೆಲ್ಲ ಗೋಡೆಯೊಳಗೆ ಬಾಗುತ್ತ, ತಿರುಗುತ್ತ, ಒಂದರ ಪಕ್ಕ ಒಂದು ಸೇರಿ ಮಾಡಿನ ಮೇಲೆ ತೆರೆದುಕೊಳ್ಳುತ್ತಿದ್ದವು. ಸಾಮಾನ್ಯ ಅಳತೆ 14 ಅಂಗುಲ ಉದ್ದ, 9 ಅಂಗುಲ ಅಗಲ. ಕೆಲವು ಕಡೆ ಎರಡು ಬದಿಯೂ 9 ಅಂಗುಲ.

ಆ ಕಿಂಡಿಯಲ್ಲಿ ದೊಡ್ಡವರ ಭುಜ ತೂರುವುದಿಲ್ಲ. ಮಸಿ ತೆಗೆಯದೆ ಬಿಟ್ಟರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮಕ್ಕಳನ್ನು ಹತ್ತಿಸಿದರು. ಐದು, ಆರು, ಏಳು ವರ್ಷದವರು. ನಾಲ್ಕು ವರ್ಷದವರೂ ಇದ್ದರು. ಅನಾಥ ಮಕ್ಕಳನ್ನು ಚರ್ಚಿನ ಹೋಬಳಿಯವರೇ ಚಿಮಣಿ ಮೇಸ್ತ್ರಿಗಳಿಗೆ ಒಪ್ಪಿಸುತ್ತಿದ್ದರು, ಸಾಕುವ ಖರ್ಚು ತಪ್ಪಿತೆಂದು. ಬಡ ತಂದೆತಾಯಿ ಹಣಕ್ಕೆ ಕೊಟ್ಟುಬಿಡುವುದೂ ಇತ್ತು. ಗಂಡುಮಕ್ಕಳೇ ಹೆಚ್ಚು, ಹೆಣ್ಣುಮಕ್ಕಳೂ ಸ್ವಲ್ಪ ಇದ್ದರು.

ಒಂದು ಕೈ ತಲೆಯ ಮೇಲೆತ್ತಿ, ಇನ್ನೊಂದನ್ನು ಮೈಗೆ ಒತ್ತಿ, ಮೊಣಕಾಲು ಮೊಣಕೈಗಳನ್ನು ಗೋಡೆಗೆ ಊರುತ್ತ ಕಂಬಳಿಹುಳುವಿನಂತೆ ಮೇಲೇರಬೇಕು. ಕುರುಚುತ್ತ ಹೋದಂತೆ ಮಸಿ ತಲೆಯ ಮೇಲೆ ಸುರಿಯುತ್ತದೆ. ಹೊಸ ಹುಡುಗರ ಮೊಣಕಾಲು ಕಿತ್ತು ರಕ್ತ ಬರುತ್ತಿತ್ತು. ಆಗ ಮೇಸ್ತ್ರಿ ಉರಿವ ಬೆಂಕಿಯ ಮುಂದೆ ನಿಲ್ಲಿಸಿ ಆ ಗಾಯಕ್ಕೆ ಉಪ್ಪುನೀರು ತಿಕ್ಕುತ್ತಿದ್ದ, ಚರ್ಮ ಗಟ್ಟಿಯಾಗಲೆಂದು. ಬಟ್ಟೆ ಸಿಕ್ಕಿಕೊಂಡರೆ ಒಳಗೇ ಉಸಿರುಗಟ್ಟಿ ಸಾಯುವ ಭಯ; ಅದಕ್ಕೆ ಬಹಳ ಕಡೆ ಬರಿಮೈಯಲ್ಲಿ ಹತ್ತಿಸುತ್ತಿದ್ದರು.

ಕೆಳಗಿಳಿದ ಮೇಲೂ ಮಸಿ ಬಿಡುತ್ತಿರಲಿಲ್ಲ. ಗುಡಿಸಿದ ಮಸಿಯನ್ನು ಚೀಲದಲ್ಲಿ ತುಂಬಿ ಮೇಸ್ತ್ರಿ ರೈತರಿಗೆ ಗೊಬ್ಬರವೆಂದು ಮಾರುತ್ತಿದ್ದ. ರಾತ್ರಿ ಹುಡುಗರಿಗೆ ಆ ಚೀಲಗಳೇ ಹಾಸಿಗೆ, ಹೊದಿಕೆ. ಸ್ನಾನ ವರ್ಷಕ್ಕೆ ಮೂರೋ ನಾಲ್ಕೋ ಸಲ ಆದರೆ ಪುಣ್ಯ. ಬೆವರಿನ ಜೊತೆ ಇಳಿದ ಮಸಿ ಮೈಯ ಸುಕ್ಕುಗಳಲ್ಲಿ, ಮುಖ್ಯವಾಗಿ ತೊಡೆಸಂದಿನಲ್ಲಿ, ದಿನಗಟ್ಟಲೆ ಕೂತಿರುತ್ತಿತ್ತು.

ಕೆಲವೇ ಪುಟಗಳ ಸಾಕ್ಷಿ

ಈ ಕೆಲಸ ಮಾಡಿದವರಲ್ಲಿ ವೃಷಣಚೀಲದ ಕೆಳಭಾಗದಲ್ಲಿ ಒಂದು ಸಣ್ಣ ಗಂಟು ಏಳುತ್ತಿತ್ತು. ಅವರು ಅದನ್ನು ಮಸಿ ನರಹುಲಿ ಎಂದು ಕರೆಯುತ್ತಿದ್ದರು. ಕೆಲವರು ಸೀಳುಕಡ್ಡಿಯಲ್ಲಿ ಸಿಕ್ಕಿಸಿ ತಾವೇ ಕೊಯ್ದುಕೊಳ್ಳುವುದೂ ಇತ್ತು. ಕೊನೆಗೆ ಅದು ಹುಣ್ಣಾಗಿ, ಅಂಚು ಗಡುಸಾಗಿ, ವೃಷಣಕ್ಕೆ ಹರಡಿ, ಅಲ್ಲಿಂದ ಹೊಟ್ಟೆಯೊಳಗೆ ಹೋಗಿ ವಿಪರೀತ ನೋವಿನಲ್ಲಿ ಪ್ರಾಣ ತೆಗೆಯುತ್ತಿತ್ತು.

ವೈದ್ಯರು ಇದನ್ನು ನೋಡಿಯೇ ಇರಲಿಲ್ಲವೆಂದಲ್ಲ. ನೋಡಿ, ತಪ್ಪು ತಿಳಿದಿದ್ದರು. ಗಂಟು ಎದ್ದಿದ್ದು ಗುಪ್ತಾಂಗದಲ್ಲಿ, ಅದೂ ಹರೆಯ ಬಂದ ಮೇಲೆ. ರೋಗಿ ಬಡವ, ಕೊಳಕು ಮೈಯವ. ಹಾಗಾಗಿ ಇದು ಲೈಂಗಿಕ ರೋಗವೆಂದು ನಿರ್ಧರಿಸಿ ಪಾದರಸ ಕೊಡುತ್ತಿದ್ದರು. ಪಾದರಸದಿಂದ ಹುಣ್ಣು ಇನ್ನಷ್ಟು ಕೆರಳುತ್ತಿತ್ತು. ಕೆಲಸದಿಂದ ಬಂದ ಕಾಯಿಲೆಗೆ ಕೆಲಸಗಾರನ ನಡತೆಯನ್ನೇ ಹೊಣೆ ಮಾಡುವ ಅಭ್ಯಾಸ ಇವತ್ತಿನದ್ದಲ್ಲ ನೋಡಿ.

1775ರಲ್ಲಿ ಪಾಟ್ ಒಂದು ಪುಸ್ತಕ ಪ್ರಕಟಿಸಿದರು. ಕಣ್ಣಿನ ಪೊರೆ, ಮೂಗಿನೊಳಗಿನ ಗಡ್ಡೆ, ಹರ್ನಿಯಾ, ಪಾದದ ಕೊಳೆತ ಇವುಗಳ ನಡುವೆ ವೃಷಣಚೀಲದ ಕ್ಯಾನ್ಸರ್ ಎಂಬುದೂ ಒಂದು ಭಾಗ. ಅದರಲ್ಲಿ ಅವರು ಕಟ್ಟಿದ ವಾದ ಸರಳ. ಬೇರೆ ಕ್ಯಾನ್ಸರ್‌ಗಳು ಸಾಮಾನ್ಯವಾಗಿ ವಯಸ್ಸಾದವರಲ್ಲಿ ಕಾಣುತ್ತವೆ. ಅವಕ್ಕೆ ದೇಹದೊಳಗಿನ ದೋಷ ಕಾರಣವೆಂದು ಹೇಳಬಹುದು. ಇಲ್ಲಿ ಹಾಗಿಲ್ಲ. ರೋಗಿಗಳು ವಯಸ್ಸಿನವರು, ಉಳಿದಂತೆ ಆರೋಗ್ಯವಾಗಿದ್ದವರು. ಕಾಯಿಲೆ ಶುರುವಾಗುವುದು ಯಾವಾಗಲೂ ಒಂದೇ ಜಾಗದಲ್ಲಿ. ಅವರೆಲ್ಲರ ಕಸುಬೂ ಒಂದೇ. ಹಾಗಾದರೆ ಕಾರಣ ಒಳಗಿಲ್ಲ, ಹೊರಗಿದೆ. ಚರ್ಮದ ಮಡಿಕೆಗಳಲ್ಲಿ ಕೂತ ಮಸಿಯಲ್ಲಿದೆ.

ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡಿ ಕ್ಯಾನ್ಸರ್ ಗುರುತಿಸುವ ವಿದ್ಯೆ ಇನ್ನೂ ಹುಟ್ಟಿರಲಿಲ್ಲ. ಅಂಕಿಅಂಶದ ಕೋಷ್ಟಕವಿರಲಿಲ್ಲ. ಅವರಲ್ಲಿದ್ದದ್ದು ಕಣ್ಣು, ನೆನಪು ಮತ್ತು ರೋಗಿಯ ಕಸುಬು ಏನೆಂದು ಕೇಳುವ ಅಭ್ಯಾಸ. ರೋಗಿಯ ಉದ್ಯೋಗವನ್ನು ಕೇಳಬೇಕೆಂದು ಇಟಲಿಯ ರಮಾಝೀನಿ ಆಗಲೇ ಬರೆದಿದ್ದರು. ನಶ್ಯ ಏರಿಸುವವರ ಮೂಗಿನ ಗಡ್ಡೆಯ ಬಗ್ಗೆ ಲಂಡನ್ನಿನ ಜಾನ್ ಹಿಲ್ 1761ರಲ್ಲಿ ಎಚ್ಚರಿಸಿದ್ದರು. ಆದ್ದರಿಂದ ಎಲ್ಲವೂ ಪಾಟ್ ಅವರಿಂದಲೇ ಮೊದಲಾಯಿತು ಎನ್ನುವುದು ಅತಿಶಯ. ಆದರೆ ಒಂದು ಕಸುಬು, ಆ ಕಸುಬಿನ ಒಂದು ವಸ್ತು, ಅದರಿಂದ ಬರುವ ಒಂದು ಕ್ಯಾನ್ಸರ್ ಎಂದು ಬಿಗಿಯಾಗಿ ಗಂಟು ಹಾಕಿದ್ದು ಅವರೇ.

ಆ ಪುಟಗಳಲ್ಲಿ ಇನ್ನೊಂದು ಸಂಗತಿಯಿದೆ. ಶಸ್ತ್ರವೈದ್ಯದ ಒಣ ಪುಸ್ತಕದ ನಡುವೆ ಪಾಟ್ ಸ್ವಲ್ಪ ನಿಂತು ಈ ಮಕ್ಕಳ ಪಾಡನ್ನು ಬರೆಯುತ್ತಾರೆ. ಎಳೆಯ ವಯಸ್ಸಿನಲ್ಲೇ ಹೊಡೆತ, ಹಸಿವು, ಚಳಿ. ಕಿರಿದಾದ, ಕೆಲವೊಮ್ಮೆ ಇನ್ನೂ ಬಿಸಿಯಾದ ಚಿಮಣಿಯೊಳಗೆ ನೂಕಿಸಿಕೊಂಡು ಗಾಯ, ಸುಟ್ಟಗಾಯ, ಉಸಿರುಗಟ್ಟುವಿಕೆ. ಇಷ್ಟನ್ನೂ ದಾಟಿ ಹರೆಯಕ್ಕೆ ಬಂದರೆ ಈ ರೋಗ ಕಾದಿರುತ್ತದೆ ಎಂಬುದು ಅವರ ಮಾತಿನ ಸಾರ. ಊರಿನ ದೊಡ್ಡವರ ವೈದ್ಯರಾಗಿದ್ದವರು ಇಷ್ಟನ್ನು ಬರೆಯಲೇಬೇಕಾದ ಒತ್ತಾಯವೇನೂ ಇರಲಿಲ್ಲ.

ಆದರೆ ಅವರು ಸೂಚಿಸಿದ ಪರಿಹಾರ ಕತ್ತಿ ಮಾತ್ರ. ವೃಷಣಕ್ಕೆ ಹರಡುವ ಮುನ್ನ ಆ ಭಾಗವನ್ನು ತಡಮಾಡದೆ ಕತ್ತರಿಸಿ ತೆಗೆಯಿರಿ, ತಡವಾದರೆ ಪ್ರಯೋಜನವಿಲ್ಲ ಎಂದರು. ಒಬ್ಬ ಗುರು ಸ್ವಲ್ಪ ಕಾಯೋಣ ಎಂದದ್ದರಿಂದ ಕಾಲು ಉಳಿಸಿಕೊಂಡಿದ್ದವರು ಚಿಮಣಿ ಹುಡುಗರಿಗೆ ಕಾಯಬೇಡಿ ಎಂದದ್ದು ಸರಿಯೇ ಆಗಿತ್ತು; ರೋಗವೇ ಅಂಥದ್ದು. ಆದರೆ ಮಸಿಯನ್ನು ತೊಳೆಯಿಸಿ, ಮಕ್ಕಳನ್ನು ಹತ್ತಿಸಬೇಡಿ ಎಂಬ ಬೇಡಿಕೆಯನ್ನು ಅವರು ಮುಂದಿಡಲಿಲ್ಲ. ಅದಕ್ಕಾಗಿ ಅವರನ್ನು ದೂರುವುದು ನನಗೆ ಅಷ್ಟು ಸುಲಭವೆನಿಸುವುದಿಲ್ಲ. ಅವರು ಬರೆದದ್ದು ಶಸ್ತ್ರವೈದ್ಯರಿಗಾಗಿ. ಕಾರಣ ಕಂಡುಕೊಂಡ ಮೇಲೆ ಅದನ್ನು ತಡೆಯುವ ಹೊಣೆ ಯಾರದ್ದು ಎಂಬ ಪ್ರಶ್ನೆಯನ್ನು ಆ ಕಾಲದ ವೈದ್ಯಶಾಸ್ತ್ರ ಇನ್ನೂ ಕೇಳಿಕೊಂಡಿರಲಿಲ್ಲ.

ಕಾನೂನು ಬಂತು, ಮಕ್ಕಳು ಹತ್ತುತ್ತಲೇ ಇದ್ದರು

ಪಾರ್ಲಿಮೆಂಟಿನ ಬಾಗಿಲು ತಟ್ಟಿದವರು ಬೇರೆಯವರು. ಜೋನಾಸ್ ಹ್ಯಾನ್ವೇ ಎಂಬ ವ್ಯಾಪಾರಿ ಈ ಮಕ್ಕಳಿಗಾಗಿ ವರ್ಷಗಟ್ಟಲೆ ಬರೆದರು, ಹೋರಾಡಿದರು, ಕಾನೂನು ನೋಡದೆ 1786ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ, 1788ರಲ್ಲಿ, ಮೊದಲ ಕಾಯ್ದೆ ಬಂತು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ, ವಾರಕ್ಕೊಮ್ಮೆಯಾದರೂ ಮಕ್ಕಳಿಗೆ ಸ್ನಾನ ಮಾಡಿಸಬೇಕು ಎಂದೆಲ್ಲ ಅದರಲ್ಲಿತ್ತು. ಮೇಸ್ತ್ರಿಗಳಿಗೆ ಪರವಾನಗಿ ಕಡ್ಡಾಯ ಮಾಡುವ ಅಂಶವನ್ನು ಮಾತ್ರ ಹೌಸ್ ಆಫ್ ಲಾರ್ಡ್ಸ್ ಕಿತ್ತುಹಾಕಿತು. ನೋಡಿಕೊಳ್ಳುವ ಅಧಿಕಾರಿಯೇ ಇಲ್ಲದ ಕಾಯ್ದೆ ಕಾಗದದಲ್ಲೇ ಉಳಿಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಪಾಟ್ ಊರಿನಿಂದ ಇಪ್ಪತ್ತು ಮೈಲಿ ದೂರದ ರೋಗಿಯೊಬ್ಬರನ್ನು ನೋಡಲು ಹೋಗಿ ಕಡು ಚಳಿಗೆ ಸಿಕ್ಕರು. ಜ್ವರ ಹಿಡಿಯಿತು, ಎದೆಗೆ ಇಳಿಯಿತು. ಡಿಸೆಂಬರ್ 22ರಂದು ತೀರಿಕೊಂಡರು, ವಯಸ್ಸು 74. ಆಸ್ಪತ್ರೆಯಿಂದ ನಿವೃತ್ತರಾಗಿ ಒಂದು ವರ್ಷವಷ್ಟೇ ಆಗಿತ್ತು. ವಾಟ್ಲಿಂಗ್ ಬೀದಿಗೆ ತಾಗಿದ ಸೇಂಟ್ ಮೇರಿ ಆಲ್ಡರ್‌ಮರಿ ಚರ್ಚಿನಲ್ಲಿ ಅವರನ್ನು ಸಮಾಧಿ ಮಾಡಿದರು. ಅವರ ಬರಹಗಳನ್ನು ಒಟ್ಟುಗೂಡಿಸಿ, ಜೀವನಕಥೆ ಬರೆದವರು ಅಳಿಯ ಜೇಮ್ಸ್ ಅರ್ಲ್, ಅವರೂ ಅದೇ ಆಸ್ಪತ್ರೆಯ ಶಸ್ತ್ರವೈದ್ಯರು.

ಇಲ್ಲಿಂದ ಮುಂದಿನದ್ದು ನಾಚಿಕೆಯ ಕಥೆ. 1803ರಲ್ಲೇ ಜಾರ್ಜ್ ಸ್ಮಾರ್ಟ್ ಎಂಬುವರು ಉದ್ದದ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ ಮೇಲೆ ತಳ್ಳುವ ಬ್ರಷ್ ಕಂಡುಹಿಡಿದಿದ್ದರು. ಮಕ್ಕಳ ಬದಲು ಅದನ್ನು ಬಳಸಿ ಎಂಬ ಮಸೂದೆ 1804ರಲ್ಲಿ ಬಂದಾಗ ಲಾರ್ಡ್ಸ್ ತಿರಸ್ಕರಿಸಿತು. 1819ರಲ್ಲಿ ಮತ್ತೆ ಹಾಗೇ ಆಯಿತು. ನಮ್ಮ ಮನೆಯ ಚಿಮಣಿಗಳಿಗೆ ತಿರುವು ಜಾಸ್ತಿ, ಬ್ರಷ್ ಹೋಗುವುದಿಲ್ಲ, ಕಾರ್ಪೆಟ್ ಹಾಳಾಗುತ್ತದೆ, ಹೀಗೆ ನೆಪಗಳು. ಯಂತ್ರ ಇದ್ದರೂ ಮನುಷ್ಯರನ್ನೇ ಕಿಂಡಿಗೆ ಇಳಿಸುವುದು ನಮ್ಮ ದೇಶದವರಿಗೂ ಹೊಸ ಸುದ್ದಿಯೇನಲ್ಲ.

1834ರಲ್ಲಿ ಒಂದು ಕಾಯ್ದೆ, 1840ರಲ್ಲಿ 21 ವರ್ಷದೊಳಗಿನವರು ಹತ್ತಕೂಡದೆಂಬ ಇನ್ನೊಂದು, 1864ರಲ್ಲಿ ಮತ್ತೊಂದು. ಯಾವುದೂ ನಿಲ್ಲಲಿಲ್ಲ. 1875ರ ಫೆಬ್ರುವರಿಯಲ್ಲಿ ಕೇಂಬ್ರಿಡ್ಜ್ ಬಳಿಯ ಫುಲ್‌ಬೋರ್ನ್ ಆಸ್ಪತ್ರೆಯ ಚಿಮಣಿಯಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹನ್ನೊಂದು ಹನ್ನೆರಡರ ಹುಡುಗ ಸಿಕ್ಕಿಕೊಂಡ. ಗೋಡೆ ಒಡೆದು ಹೊರಗೆಳೆದರು. ಸ್ವಲ್ಪ ಹೊತ್ತಿನಲ್ಲೇ ಸತ್ತುಹೋದ. ಅವನ ಮೇಸ್ತ್ರಿಗೆ ಆರು ತಿಂಗಳ ಕಠಿಣ ಸಜೆಯಾಯಿತು. ಲಾರ್ಡ್ ಶಾಫ್ಟ್ಸ್‌ಬರಿ ಪಟ್ಟು ಹಿಡಿದು ಅದೇ ವರ್ಷ ಹೊಸ ಕಾಯ್ದೆ ತಂದರು: ಮೇಸ್ತ್ರಿಗಳು ಪರವಾನಗಿ ಪಡೆಯಬೇಕು, ಪೊಲೀಸರು ಅದನ್ನು ನೋಡಿಕೊಳ್ಳಬೇಕು. 1788ರಲ್ಲಿ ಕಿತ್ತುಹಾಕಿದ್ದ ಅಂಶ ಇದೇ. ಪಾಟ್ ಪುಸ್ತಕ ಬಂದು ಸರಿಯಾಗಿ ನೂರು ವರ್ಷವಾಗಿತ್ತು.

ಹತ್ತುವುದು ನಿಂತರೂ ಕ್ಯಾನ್ಸರ್ ನಿಲ್ಲಲಿಲ್ಲ, ಏಕೆಂದರೆ ಬಾಲ್ಯದಲ್ಲಿ ಹತ್ತಿದವರು ಇನ್ನೂ ಬದುಕಿದ್ದರು. 1892ರಲ್ಲಿ ಪಾಟ್ ಅವರದೇ ಆಸ್ಪತ್ರೆಯ ಹೆನ್ರಿ ಬಟ್ಲಿನ್ ಒಂದು ಪ್ರಶ್ನೆ ಎತ್ತಿಕೊಂಡರು: ಜರ್ಮನಿ, ಹಾಲೆಂಡ್‌ಗಳಲ್ಲೂ ಚಿಮಣಿ ಗುಡಿಸುವವರಿದ್ದಾರೆ, ಅವರಿಗೇಕೆ ಈ ರೋಗ ಅಪರೂಪ? ಉತ್ತರ ಮೈಮೇಲೇ ಇತ್ತು. ಅಲ್ಲಿಯವರು ಮೈಗೆ ಅಂಟುವ ಬಿಗಿಯಾದ ಉಡುಪು ತೊಟ್ಟು ಕೆಲಸ ಮಾಡುತ್ತಿದ್ದರು, ದಿನಾ ಸ್ನಾನ ಮಾಡುತ್ತಿದ್ದರು. ಒಂದು ಜೊತೆ ಬಟ್ಟೆ ಮತ್ತು ಒಂದು ತೊಟ್ಟಿ ಬಿಸಿನೀರಿನ ಖರ್ಚು.

ಮಸಿಯೊಳಗೆ ಇದ್ದದ್ದೇನು

ಪಾಟ್ ಹೇಳಿದ್ದನ್ನು ಪ್ರಯೋಗಶಾಲೆಯಲ್ಲಿ ತೋರಿಸಲು 140 ವರ್ಷ ಬೇಕಾಯಿತು. ಟೋಕಿಯೊದಲ್ಲಿ ಯಾಮಾಗಿವಾ ಮತ್ತು ಇಚಿಕಾವಾ ಎಂಬ ಇಬ್ಬರು ಮೊಲದ ಕಿವಿಗಳಿಗೆ ಕಲ್ಲಿದ್ದಲಿನ ಟಾರು ಹಚ್ಚುತ್ತ ಹೋದರು. ಎರಡು ಮೂರು ದಿನಕ್ಕೊಮ್ಮೆ, ತಿಂಗಳುಗಟ್ಟಲೆ. ಇದೇ ಪ್ರಯತ್ನ ಮಾಡಿದ್ದ ಇತರರು ಬೇಗ ಕೈಬಿಟ್ಟಿದ್ದರು. ಇವರು ಬಿಡಲಿಲ್ಲ, 1915ರಲ್ಲಿ ಕಿವಿಗಳ ಮೇಲೆ ಕ್ಯಾನ್ಸರ್ ಎದ್ದಿದ್ದನ್ನು ಜಗತ್ತಿಗೆ ತಿಳಿಸಿದರು. ಟಾರಿನೊಳಗಿನ ಯಾವ ರಾಸಾಯನಿಕ ಅಪರಾಧಿ ಎಂಬುದನ್ನು ಲಂಡನ್ನಿನ ಅರ್ನೆಸ್ಟ್ ಕೆನ್ನವೇ ಅವರ ತಂಡ ಎರಡು ಟನ್ ಕಲ್ಲಿದ್ದಲಿನ ಕೀಲನ್ನು ಸೋಸಿ ಸೋಸಿ 1933ರಲ್ಲಿ ಬೇರ್ಪಡಿಸಿತು. ಅದರ ಹೆಸರು ಬೆಂಝೋಪೈರೀನ್. ಸಿಗರೇಟಿನ ಹೊಗೆಯಲ್ಲೂ ಅದಿದೆ.

ಈ ನಡುವೆ ಅದೇ ಜಾಗದ ಕ್ಯಾನ್ಸರ್ ಬೇರೆ ಕಸುಬಿನವರಲ್ಲೂ ಕಾಣಿಸಿಕೊಂಡಿತ್ತು. ಲ್ಯಾಂಕಷೈರ್‌ನ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರದ ಮೇಲೆ ಬಗ್ಗಿ ಕೆಲಸ ಮಾಡುವವರ ತೊಡೆಸಂದಿಗೆ ಯಂತ್ರದ ಎಣ್ಣೆ ಸಿಡಿಯುತ್ತಿತ್ತು. ಬಣ್ಣದ ಕಾರ್ಖಾನೆಗಳ ಕೆಲಸಗಾರರಿಗೆ ಮೂತ್ರಕೋಶದ ಕ್ಯಾನ್ಸರ್ ಬರುವುದನ್ನು ಜರ್ಮನಿಯ ಲುಡ್ವಿಗ್ ರೇನ್ 1895ರಲ್ಲಿ ಗುರುತಿಸಿದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಚಿಮಣಿ ಗುಡಿಸುವವರ ಮಸಿಯನ್ನು ಇಟ್ಟಿದೆ. ಅದೇ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಇದೆ, ಬೆಂಜೀನ್ ಇದೆ, ಕ್ರೋಮಿಯಂ ಲೇಪನದ ತೊಟ್ಟಿಗಳಲ್ಲಿ ಇರುವಂಥ ಕ್ರೋಮಿಯಂ ಸಂಯುಕ್ತಗಳಿವೆ, ಮರದ ಪುಡಿ ಇದೆ, ಡೀಸೆಲ್ ಹೊಗೆ ಇದೆ, ಪೇಂಟರ್ ಕೆಲಸವೂ ಇದೆ. ಊರು ಬಿಟ್ಟು ಕಾರ್ಖಾನೆ, ವರ್ಕ್‌ಶಾಪ್, ಬಂದರು ಸೇರಿದ ನಮ್ಮವರಲ್ಲಿ ಎಷ್ಟು ಜನ ಇವುಗಳಲ್ಲಿ ಒಂದರ ಜೊತೆ ದಿನ ಕಳೆದಿದ್ದಾರೆ ಎಂದು ಓದುಗರೇ ತಮ್ಮ ಮನೆಗಳಲ್ಲಿ ಎಣಿಸಿಕೊಳ್ಳಬಹುದು.

ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾಗಿದ್ದ ಕಾಯಿಲೆಗಳ ಪಟ್ಟಿಯಿತ್ತು. ಅದರಲ್ಲಿ ಚರ್ಮದ ಕ್ಯಾನ್ಸರ್ ಎಂಬುದು ಒಂದು. ಪಾಟ್ ಬರೆದ ರೋಗದ ವಂಶದ್ದೇ. ಆಮೇಲೆ ಉದ್ಯೋಗದಿಂದ ಬರುವ ಕ್ಯಾನ್ಸರ್ ಎಂಬ ಸಾಲನ್ನೂ ಸೇರಿಸಿದರು. ಇಂಥ ರೋಗಿಯನ್ನು ನೋಡಿದ ವೈದ್ಯರು ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರ್‌ಗೆ ವರದಿ ಕಳಿಸಬೇಕೆಂದು ಆ ಕಾಯ್ದೆ ಹೇಳಿತು. ವರದಿ ಹೋಗಬೇಕಾದರೆ ರೋಗಿ ಮೊದಲು ಏನು ಕೆಲಸ ಮಾಡುತ್ತಿದ್ದ ಎಂಬುದು ಕೇಸ್ ಪೇಪರಿನಲ್ಲಿ ಇರಬೇಕು. ಎಷ್ಟೋ ಸಲ ಆ ಜಾಗದಲ್ಲಿ ನಿವೃತ್ತ ಎಂದಷ್ಟೇ ಬರೆದಿರುತ್ತದೆ.

ಮಸಿ ಐದನೇ ವಯಸ್ಸಿನಲ್ಲಿ ಅಂಟುತ್ತದೆ, ಗಂಟು ಹರೆಯ ದಾಟಿದ ಮೇಲೆ ಏಳುತ್ತದೆ. ಆಸ್ಬೆಸ್ಟಾಸ್‌ನಲ್ಲಿ ಈ ಅಂತರ ಇಪ್ಪತ್ತು, ಮೂವತ್ತು, ನಲವತ್ತು ವರ್ಷ. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿರುತ್ತದೆ, ಗುತ್ತಿಗೆದಾರ ಯಾರೆಂದೇ ನೆನಪಿರುವುದಿಲ್ಲ. 1995ರಲ್ಲಿ ಆಸ್ಬೆಸ್ಟಾಸ್ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಮಾಲೀಕರಿಗೆ ಆದೇಶಿಸಿತು.